ಹಳಿಗಳ ಕದನ: ಫ್ರಾನ್ಸಿನ ರೈಲು ಕಾರ್ಮಿಕರ ಯುದ್ಧಚಿತ್ರ

ಹಳಿಗಳ ಕದನ: ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಕೈವಶವಾಗಿದ್ದ ಫ್ರಾನ್ಸಿನಲ್ಲಿ ರೈಲು ಕಾರ್ಮಿಕರು ನಡೆಸಿದ ಗುಪ್ತ ಹೋರಾಟವನ್ನು ಕುರಿತ ಫ್ರೆಂಚ್ ಚಲನಚಿತ್ರ. ಮೂಲ ಹೆಸರು ‘ಲಾ ಬತಾಯ್ ದ್ಯು ರಾಯ್’. ನಿರ್ದೇಶಕ ರೆನೆ ಕ್ಲೆಮಾಂ (1913-1996), ಛಾಯಾಗ್ರಾಹಕ ಆನ್ರಿ ಅಲೆಕಾಂ, ಸಂಭಾಷಣೆ ಕೋಲೆತ್ ಓದ್ರಿ, ಸಂಗೀತ ಈವ್ ಬೋದ್ರಿಯೆ. 1945ರಲ್ಲಿ ಚಿತ್ರೀಕರಣಗೊಂಡು 1946ರ ಫೆಬ್ರವರಿಯಲ್ಲಿ ತೆರೆಕಂಡಿತು. ಕಪ್ಪುಬಿಳುಪು ಚಿತ್ರ, ಅವಧಿ ಸುಮಾರು 85 ನಿಮಿಷ. ಅದೇ ವರ್ಷ ಮೊದಲ ಬಾರಿಗೆ ನಡೆದ ಕಾನ್ ಚಲನಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು.

ಇದನ್ನು ಸಾಕ್ಷ್ಯಚಿತ್ರ ಎನ್ನಬೇಕೋ ಕಥಾಚಿತ್ರ ಎನ್ನಬೇಕೋ ಎಂಬ ಚರ್ಚೆ ಅಂದಿನಿಂದ ಇಂದಿನವರೆಗೂ ನಡೆದಿದೆ. ಘಟನೆಗಳು ನಡೆಯುತ್ತಿರುವಾಗಲೇ ಕ್ಯಾಮೆರಾ ಅಲ್ಲಿರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ರಾತ್ರಿ ಹಳಿಯ ಬೋಲ್ಟು ಬಿಚ್ಚುವವನ ಪಕ್ಕದಲ್ಲಿ ನಿಂತು ಯಾರೂ ಚಿತ್ರ ತೆಗೆಯಲಾರರು. ಆದರೆ ಕೆಲಸ ನಡೆದು ವರ್ಷ ತುಂಬುವುದರೊಳಗೆ ಅಂಥವೇ ಜಾಗಗಳಲ್ಲಿ, ಅಂಥವೇ ಎಂಜಿನ್ನುಗಳೊಂದಿಗೆ, ಬಹುಪಾಲು ಆ ಕಸುಬಿನವರನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿ ಅದನ್ನು ಮತ್ತೆ ಮಾಡಿ ತೋರಿಸಲಾಯಿತು. ನಟರಿದ್ದರೂ ಅವರು ಹೆಸರುವಾಸಿಗಳಲ್ಲ. ರೈಲ್ವೆಯವರ ನಡುವೆ ನಿಂತರೆ ಯಾರು ನಟ, ಯಾರು ಫೈರ್‌ಮನ್ ಎಂದು ಗೊತ್ತಾಗುವುದಿಲ್ಲ. ಚಿತ್ರಕ್ಕೆ ಒಬ್ಬ ನಾಯಕನೆಂಬುವನಿಲ್ಲ. ಈ ಬರೆಹದ ಮಟ್ಟಿಗೆ ಅದನ್ನು ಸಾಕ್ಷ್ಯಚಿತ್ರದ ಹೊಟ್ಟೆಯಲ್ಲಿ ಹುಟ್ಟಿ ಕಥಾಚಿತ್ರವಾಗಿ ಬೆಳೆದ ಕೃತಿ ಎಂದು ತಿಳಿದರೆ ಸಾಕು. ಅದು ಹಾಗೆ ಬೆಳೆದ ಬಗೆಯನ್ನು ಮುಂದೆ ನೋಡಬಹುದು.

ಹಿನ್ನೆಲೆ

ಫ್ರಾನ್ಸಿನ ರೈಲು ಮಾರ್ಗಗಳೆಲ್ಲ ಒಂದೇ ಆಡಳಿತಕ್ಕೆ ಬಂದದ್ದು 1938ರ ಜನವರಿ 1ರಂದು. ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಖಾಸಗಿ ಕಂಪನಿಗಳನ್ನೂ ಸರ್ಕಾರಿ ಜಾಲಗಳನ್ನೂ ಕೂಡಿಸಿ ಎಸ್.ಎನ್.ಸಿ.ಎಫ್. ಎಂಬ ರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಲಾಯಿತು. ಅದರಲ್ಲಿ ಸರ್ಕಾರದ ಪಾಲು ನೂರಕ್ಕೆ 51. ನಾಲ್ಕು ಲಕ್ಷಕ್ಕೂ ಹೆಚ್ಚು ನೌಕರರಿದ್ದ ಈ ಸಂಸ್ಥೆ ದೇಶದಲ್ಲೇ ಅತಿ ದೊಡ್ಡ ಉದ್ಯೋಗದಾತರಲ್ಲೊಂದು. ರೈಲಿನವನಿಗೆ ಫ್ರೆಂಚರು ‘ಶೆಮಿನೋ’ ಎನ್ನುತ್ತಾರೆ. ಡ್ರೈವರ್, ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಗುಮಾಸ್ತ, ಸ್ಟೇಷನ್ ಮಾಸ್ಟರ್ ಎಲ್ಲರೂ ಆ ಒಂದು ಮಾತಿನೊಳಗೆ ಬರುತ್ತಾರೆ. ಅಪ್ಪನ ಕಸುಬು ಮಗನಿಗೆ ಬರುವ, ರೈಲ್ವೆ ಕಾಲೊನಿಯಲ್ಲೇ ಹುಟ್ಟಿ ಅಲ್ಲೇ ನಿವೃತ್ತಿಯಾಗುವ, ಗಟ್ಟಿಯಾದ ಕಾರ್ಮಿಕ ಸಂಘಗಳಿದ್ದ ಜನ ಅವರು.

ಸಂಸ್ಥೆ ಹುಟ್ಟಿ ಎರಡೂವರೆ ವರ್ಷ ಕಳೆಯುವುದರೊಳಗೆ ದೇಶವೇ ಸೋತಿತು. 1940ರ ಜೂನ್ 22ರಂದು ಕದನವಿರಾಮಕ್ಕೆ ಸಹಿ ಬಿದ್ದದ್ದೂ ಒಂದು ರೈಲು ಬೋಗಿಯಲ್ಲೇ. 1918ರಲ್ಲಿ ಜರ್ಮನಿ ಸೋಲೊಪ್ಪಿ ಸಹಿ ಹಾಕಿದ್ದ ಅದೇ ಬೋಗಿಯನ್ನು ಹಿಟ್ಲರ್ ಹೊರ ತರಿಸಿ ಕೊಂಪಿಯೇನಿನ ಕಾಡಿನಲ್ಲಿ ಅದೇ ಜಾಗದಲ್ಲಿ ನಿಲ್ಲಿಸಿದ್ದ. ಒಪ್ಪಂದದ 13ನೆಯ ಕಲಮಿನ ಪ್ರಕಾರ ರೈಲು ಮಾರ್ಗಗಳನ್ನು ಸುಸ್ಥಿತಿಯಲ್ಲಿ ಜರ್ಮನ್ನರ ಉಪಯೋಗಕ್ಕೆ ಒಪ್ಪಿಸಬೇಕಿತ್ತು. ನಡೆಸುವವರು ಫ್ರೆಂಚರು, ಮೇಲ್ವಿಚಾರಣೆ ಜರ್ಮನ್ ರೈಲ್ವೆಯವರದು. ದೇಶವನ್ನು ಎರಡಾಗಿ ಸೀಳಿ ನಡುವೆ ಸುಮಾರು 1,200 ಕಿಲೋಮೀಟರ್ ಉದ್ದದ ಗಡಿರೇಖೆ ಎಳೆದರು. ಆಚೆಯಿಂದ ಈಚೆಗೆ ಮನುಷ್ಯ ದಾಟಲು ಪರವಾನಗಿ ಬೇಕು, ಕಾಗದಪತ್ರಕ್ಕೂ ನಿರ್ಬಂಧ. ರೈಲು ಮಾತ್ರ ದಾಟುತ್ತಿತ್ತು. ದಾಟುವ ರೈಲಿನಲ್ಲಿ ಡ್ರೈವರ್, ಫೈರ್‌ಮನ್, ಗಾರ್ಡ್ ಇದ್ದೇ ಇರುತ್ತಿದ್ದರು. ಗುಪ್ತ ಟಪಾಲು ಮೊದಲು ಇವರ ಕೈಯಲ್ಲೇ ಓಡಾಡಿದ್ದು ಸಹಜವೇ.

ಆರಂಭದಲ್ಲಿ ಈ ಪ್ರತಿರೋಧ ಚದುರಿದ ರೂಪದಲ್ಲಿತ್ತು. 1943ರಲ್ಲಿ ‘ರೆಸಿಸ್ತಾನ್ಸ್-ಫೆರ್’ ಎಂಬ ಹೆಸರಿನಲ್ಲಿ ರೈಲ್ವೆಯವರದೇ ಒಂದು ಗುಪ್ತ ಜಾಲ ಕೂಡಿಬಂತು. ಯಾವ ಸೈನ್ಯದ ರೈಲು ಯಾವ ಹೊತ್ತಿಗೆ ಎಲ್ಲಿ ಹೋಗುತ್ತದೆ ಎಂಬ ಸುದ್ದಿ ಲಂಡನ್ನಿಗೆ ಮುಟ್ಟಿಸುವುದು ಅದರ ಮೊದಲ ಕೆಲಸ; ಹಳಿ ಕೆಡಿಸುವುದು ಎರಡನೆಯದು. ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿಯುವ ಹೊತ್ತಿಗೆ ಮಾರ್ಗಗಳನ್ನು ಎಲ್ಲೆಲ್ಲಿ ಕಡಿಯಬೇಕೆಂಬ ಯೋಜನೆ ‘ಹಸಿರು ಯೋಜನೆ’ ಎಂಬ ಹೆಸರಿನಲ್ಲಿ ಸಿದ್ಧವಾಗಿತ್ತು. ದೂರವಾಣಿ ತಂತಿ, ರಸ್ತೆ, ವಿದ್ಯುತ್ತಿಗೆ ಬೇರೆ ಹೆಸರಿನ ಬೇರೆ ಯೋಜನೆಗಳಿದ್ದವು. 1944ರ ಜೂನ್ 6ರ ಹಿಂದಿನ ರಾತ್ರಿ ಬಿ.ಬಿ.ಸಿ. ರೇಡಿಯೋದಲ್ಲಿ ಸಂಕೇತದ ಮಾತುಗಳು ಹೊರಟವು. ಬೆಳಗಾಗುವುದರೊಳಗೆ ನೂರಾರು ಕಡೆ ಹಳಿ ತುಂಡಾಗಿತ್ತು.

ಮಿತ್ರಪಡೆಗಳು ವಿಮಾನಗಳಿಂದಲೂ ರೈಲು ನಿಲ್ದಾಣಗಳನ್ನು ಒಡೆಯುತ್ತಿದ್ದವು. ಬಾಂಬು ಯಾರ್ಡಿನ ಮೇಲೆ ಬಿದ್ದಂತೆಯೇ ಯಾರ್ಡಿನ ಪಕ್ಕದ ಬೀದಿಯ ಮೇಲೂ ಬೀಳುತ್ತಿತ್ತು. ಆ ಬೀದಿಯಲ್ಲಿದ್ದವರು ಹೆಚ್ಚಾಗಿ ರೈಲ್ವೆಯವರ ಸಂಸಾರಗಳೇ. ಒಂದು ಸ್ಪ್ಯಾನರಿನಿಂದ ಆಗುವ ಕೆಲಸಕ್ಕೆ ಬಾಂಬೇಕೆ ಎಂದು ಅವರಿಗೆ ಅನ್ನಿಸಿದ್ದರೆ ಅದರಲ್ಲಿ ದೇಶಪ್ರೇಮದಷ್ಟೇ ಮನೆಮಕ್ಕಳ ಚಿಂತೆಯೂ ಇತ್ತು.

ಕೆಡಿಸುವ ಕಸುಬು

ಚಿತ್ರವನ್ನು ಅರ್ಥ ಮಾಡಿಕೊಳ್ಳಲು ರೈಲನ್ನು ನಿಲ್ಲಿಸುವ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಸ್ವಲ್ಪ ತಿಳಿದಿರಬೇಕು. ಓಡಿಸಲು ಬಲ್ಲವನೇ ನಿಲ್ಲಿಸಲೂ ಬಲ್ಲ ಎಂಬುದು ಇಲ್ಲಿ ಅಕ್ಷರಶಃ ನಿಜ.

ತೀರ ಸುಲಭವಾದದ್ದು ಚೀಟಿ ಬದಲಿಸುವುದು. ಗೂಡ್ಸ್ ಬೋಗಿಯ ಪಕ್ಕೆಯಲ್ಲಿ ಒಂದು ಸಣ್ಣ ತಗಡಿನ ಚೌಕಟ್ಟು, ಅದರೊಳಗೆ ಬೋಗಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕೆಂದು ಬರೆದ ಚೀಟಿ. ಕತ್ತಲಲ್ಲಿ ಎರಡು ಬೋಗಿಗಳ ಚೀಟಿ ಅದಲುಬದಲು ಮಾಡಿದರೆ, ಉತ್ತರಕ್ಕೆ ಹೋಗಬೇಕಾದ ಯಂತ್ರದ ಭಾಗ ದಕ್ಷಿಣದ ಯಾವುದೋ ಸಣ್ಣ ನಿಲ್ದಾಣದಲ್ಲಿ ವಾರಗಟ್ಟಲೆ ನಿಂತಿರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ತಪ್ಪು ಯಾರದೆಂದು ಹೇಳುವಂತಿಲ್ಲ.

ಬ್ರೇಕಿನ ರಬ್ಬರ್ ಕೊಳವೆ ಕೊಯ್ದರೆ ಅದನ್ನು ಬದಲಿಸುವವರೆಗೆ ಗಾಡಿ ಹೊರಡುವಂತಿಲ್ಲ. ಅಚ್ಚುಪೆಟ್ಟಿಗೆಗೆ ಕೈ ಹಾಕುವುದು ಇನ್ನೂ ಕೆಟ್ಟದ್ದು. ಆ ಕಾಲದ ಬೋಗಿಗಳಲ್ಲಿ ಚಕ್ರದ ಅಚ್ಚು ಎಣ್ಣೆಯಲ್ಲಿ ನೆನೆದ ನೂಲಿನ ಮೆತ್ತೆಯ ಮೇಲೆ ತಿರುಗುತ್ತಿತ್ತು. ಎಣ್ಣೆ ತೆಗೆದು ಮರಳೋ ಸಾಣೆಪುಡಿಯೋ ತುಂಬಿದರೆ ಗಾಡಿ ಹೊರಡುವಾಗ ಏನೂ ತಿಳಿಯುವುದಿಲ್ಲ. ಕೆಲವು ಮೈಲಿ ಓಡಿದ ಮೇಲೆ ಅಚ್ಚು ಕಾಯುತ್ತದೆ, ಹೊಗೆಯಾಡುತ್ತದೆ, ಕಚ್ಚಿಕೊಳ್ಳುತ್ತದೆ. 1944ರ ಜೂನ್‌ನಲ್ಲಿ ದಕ್ಷಿಣದ ಮೊಂತೋಬಾಂ ಸುತ್ತ ಬೀಡುಬಿಟ್ಟಿದ್ದ ಎಸ್.ಎಸ್. ‘ದಾಸ್ ರೈಖ್’ ಟ್ಯಾಂಕ್ ದಳಕ್ಕೆ ಆದದ್ದು ಇದೇ. ಅದರ ಟ್ಯಾಂಕುಗಳನ್ನು ಹೊರಬೇಕಿದ್ದ ಬೋಗಿಗಳ ಅಚ್ಚುಗಳನ್ನು ರೈಲ್ವೆಯವರೇ ಹೆಚ್ಚಾಗಿದ್ದ ಒಂದು ಗುಪ್ತ ಜಾಲ ಮೊದಲೇ ಕೆಡಿಸಿತ್ತು. ದಳ ರಸ್ತೆ ಹಿಡಿಯಬೇಕಾಯಿತು. ಕೆಲವೇ ದಿನಗಳ ಪ್ರಯಾಣಕ್ಕೆ ಎರಡು ವಾರಕ್ಕೂ ಹೆಚ್ಚು ಹಿಡಿಯಿತು. ಆ ದಾರಿಯಲ್ಲೇ ಅದು ತ್ಯುಲ್ ಪಟ್ಟಣದಲ್ಲಿ 99 ಮಂದಿಯನ್ನು ನೇಣಿಗೆ ಹಾಕಿತು, ಮರುದಿನ ಜೂನ್ 10ರಂದು ಒರಾದೂರ್ ಹಳ್ಳಿಯಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಕೊಂದಿತು. ರೈಲು ನಿಂತದ್ದರ ಲಾಭವನ್ನು ಬರೆಯುವಾಗ ಇದನ್ನೂ ಬರೆಯಬೇಕು.

ಹಳಿ ತಪ್ಪಿಸುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ಎರಡು ಹಳಿ ಸೇರುವಲ್ಲಿನ ಫಿಶ್‌ಪ್ಲೇಟಿನ ಬೋಲ್ಟು ಬಿಚ್ಚಬೇಕು, ಸ್ಲೀಪರಿಗೆ ಹಳಿಯನ್ನು ಹಿಡಿದಿಟ್ಟ ದಪ್ಪ ತಿರುಪುಗಳನ್ನು ಒಂದೊಂದಾಗಿ ಕೀಳಬೇಕು, ಆಮೇಲೆ ಹಾರೆಯಿಂದ ಹಳಿಯನ್ನು ಸರಿಸಬೇಕು. ಸ್ಪ್ಯಾನರ್ ಉದ್ದನೆಯದು, ತಿರುಪು ತುಕ್ಕು ಹಿಡಿದದ್ದು, ಕಿರ್‍ರೆಂಬ ಸದ್ದು ರಾತ್ರಿಯಲ್ಲಿ ಬಹಳ ದೂರ ಕೇಳುತ್ತದೆ. ಜಾಗ ಆರಿಸುವುದರಲ್ಲೇ ಅರ್ಧ ಜಾಣತನವಿದೆ. ಬಯಲಿನಲ್ಲಿ ಬಿದ್ದ ಗಾಡಿಯನ್ನು ಕ್ರೇನು ಬಂದು ಎತ್ತಿ ಬದಿಗಿಡುತ್ತದೆ. ಎತ್ತರದ ಏರಿಯ ತಿರುವಿನಲ್ಲೋ ಕಡಿದಾದ ಇಕ್ಕಟ್ಟಿನಲ್ಲೋ ಬಿದ್ದದ್ದಕ್ಕೆ ಕ್ರೇನು ಹೋಗುವುದೇ ಕಷ್ಟ. ಆ ಕ್ರೇನನ್ನೂ ಕೆಡಿಸಿಬಿಟ್ಟರೆ ಇಡೀ ಮಾರ್ಗ ದಿನಗಟ್ಟಲೆ ಸತ್ತಂತೆ. ಇದೆಲ್ಲ ಯುದ್ಧಶಾಲೆಯಲ್ಲಿ ಕಲಿತ ವಿದ್ಯೆಯಲ್ಲ. ಇಪ್ಪತ್ತು ವರ್ಷ ಹಳಿ ಕಾಯ್ದವನಿಗೆ ತನ್ನ ಮಾರ್ಗದ ದುರ್ಬಲ ಜಾಗ ಯಾವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲ ಕಿರುಚಿತ್ರ

ರೆನೆ ಕ್ಲೆಮಾಂ ರೈಲಿಗೆ ಹೊಸಬನಾಗಿರಲಿಲ್ಲ. ಯುದ್ಧದ ನಡುವೆಯೇ, 1942ರ ಸುಮಾರಿಗೆ, ಅವನೂ ಅಲೆಕಾಂನೂ ಕೂಡಿ ‘ಸೋ ದ್ಯು ರಾಯ್’ (ಹಳಿಯ ಜನ) ಎಂಬ ಕಿರು ಸಾಕ್ಷ್ಯಚಿತ್ರ ಮಾಡಿದ್ದರು. ದಕ್ಷಿಣ ಕರಾವಳಿಯಲ್ಲಿ ನೀಸ್ ಮತ್ತು ಮಾರ್ಸೇಯ್ ನಡುವೆ ಓಡುವ ಉಗಿಬಂಡಿಯ ಡ್ರೈವರ್ ಮತ್ತು ಫೈರ್‌ಮನ್‌ನ ದುಡಿಮೆಯೇ ಅದರ ವಸ್ತು. ಆಗ ನೀಸ್ ಜರ್ಮನ್ನರು ನೇರವಾಗಿ ಆಕ್ರಮಿಸದ ವಲಯದಲ್ಲಿತ್ತು. ಪ್ಯಾರಿಸಿನಿಂದ ಬಂದು ಸೇರಿದ್ದ ಎಳೆಯ ಸಿನಿಮಾದವರು ಅಲ್ಲಿ ಕಲಿಯುತ್ತ, ಕಲಿಸುತ್ತ ಕೈ ಪಳಗಿಸಿಕೊಳ್ಳುತ್ತಿದ್ದರು. ಅಲೆಕಾಂ 1940ರಲ್ಲಿ ಜರ್ಮನ್ನರಿಗೆ ಸೆರೆಸಿಕ್ಕು ತಪ್ಪಿಸಿಕೊಂಡು ಬಂದವನು.

ಕಿರುಚಿತ್ರದಲ್ಲಿ ರಾಜಕೀಯದ ಮಾತಿಲ್ಲ, ಇರುವಂತೆಯೂ ಇರಲಿಲ್ಲ. ಕಲ್ಲಿದ್ದಲು ಎರಚುವ ಸಲಿಕೆ, ಬಾಯ್ಲರಿನ ಬೆಂಕಿ, ಮಸಿ ಮೆತ್ತಿದ ಮುಖ, ಹಳಿ ನೋಡುವ ಕಣ್ಣು. ಓಡುವ ಎಂಜಿನ್ನಿನ ಮೇಲೆ ಕ್ಯಾಮೆರಾ ಕಟ್ಟಿ ಬೆಳಕು ಹಿಡಿಯುವುದು ಹೇಗೆ, ಇಬ್ಬರು ಮಾತಿಲ್ಲದೆ ಕೂಡಿ ಮಾಡುವ ಕೆಲಸವನ್ನು ತೋರಿಸುವುದು ಹೇಗೆ ಎಂದು ಇಬ್ಬರೂ ಅಲ್ಲಿ ಕಲಿತರು. ಮೂರು ವರ್ಷದ ನಂತರ ಈ ಪಾಠವೇ ದೊಡ್ಡ ಚಿತ್ರದ ಬೆನ್ನೆಲುಬಾಯಿತು.

ರೈಲಿಗೂ ಫ್ರೆಂಚ್ ಸಿನಿಮಾಕ್ಕೂ ಹಳೆಯ ನಂಟು. ಲ್ಯುಮಿಯೇರ್ ಸೋದರರು ತೆಗೆದ ಮೊದಮೊದಲ ಚಿತ್ರಗಳಲ್ಲೊಂದು ಲಾ ಸಿಯೋತಾ ನಿಲ್ದಾಣಕ್ಕೆ ಬಂದು ನಿಲ್ಲುವ ರೈಲು. ಆಬೆಲ್ ಗಾನ್ಸ್ 1923ರ ‘ಲಾ ರೂ’ ಚಿತ್ರವನ್ನು ನೀಸಿನ ರೈಲ್ವೆ ಯಾರ್ಡಿನ ನಡುವೆಯೇ ಸೆಟ್ ಹಾಕಿ ತೆಗೆದ. ಜಾನ್ ರೆನ್ವಾರ್‌ನ 1938ರ ‘ಲಾ ಬೇತ್ ಯ್ಯುಮೇನ್’ಗಾಗಿ ಜಾನ್ ಗಾಬಾಂ ಎಂಜಿನ್ ನಡೆಸುವುದನ್ನೇ ಕಲಿತ. ಆದರೆ ಇವುಗಳಲ್ಲಿ ಎಂಜಿನ್ನು ವಿಧಿಯ, ಕಾಮದ, ಹುಚ್ಚಿನ ರೂಪಕ. ಕ್ಲೆಮಾಂನಲ್ಲಿ ಎಂಜಿನ್ನು ಎಂಜಿನ್ನೇ. ಅದಕ್ಕೆ ನೀರು ಬೇಕು, ಎಣ್ಣೆ ಬೇಕು, ಅದನ್ನು ಬಲ್ಲ ಮನುಷ್ಯ ಬೇಕು.

ತಯಾರಿ

1944ರ ಆಗಸ್ಟ್ 10ರಂದು ಪ್ಯಾರಿಸ್ ಸುತ್ತಲಿನ ರೈಲು ಕಾರ್ಮಿಕರು ಮುಷ್ಕರ ಹೂಡಿದರು. ಪೊಲೀಸರೂ ಅಂಚೆಯವರೂ ಅವರನ್ನು ಹಿಂಬಾಲಿಸಿದರು, 19ರಂದು ನಗರ ದಂಗೆಯೆದ್ದಿತು, 25ರಂದು ಬಿಡುಗಡೆಯಾಯಿತು. ಆ ಬಿಸಿ ಆರುವ ಮುನ್ನವೇ ಪ್ರತಿರೋಧದಲ್ಲಿದ್ದ ಸಿನಿಮಾದವರು ಕಟ್ಟಿದ ಸಹಕಾರ ಸಂಘವೊಂದು ರೈಲು ಕಾರ್ಮಿಕರ ಹೋರಾಟದ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಹೊರಟಿತು. ರೆಸಿಸ್ತಾನ್ಸ್-ಫೆರ್ ಬೆಂಬಲಕ್ಕೆ ನಿಂತಿತು, ರೈಲ್ವೆ ಸಂಸ್ಥೆ ಎಂಜಿನ್ನು, ಬೋಗಿ, ಮಾರ್ಗ, ಜನ ಎಲ್ಲ ಒದಗಿಸಿತು. ಮೊದಲು ಯೋಚಿಸಿದ್ದು ಕಿರಿದಾದ ಚಿತ್ರವನ್ನು. ತೆಗೆದ ತುಣುಕುಗಳನ್ನು ಕಂಡವರಿಗೆ ಅದರ ಕಸುವು ಹಿಡಿಸಿ, ಅದನ್ನು ಪೂರ್ಣಾವಧಿಯ ಚಿತ್ರವಾಗಿ ಬೆಳೆಸಲು ನಿರ್ಧಾರವಾಯಿತು.

ಚಿತ್ರದ ಮೈಯಲ್ಲಿ ಈ ಹೊಲಿಗೆ ಈಗಲೂ ಕಾಣುತ್ತದೆ. ಮೊದಲರ್ಧ ಬಿಡಿಬಿಡಿ ಘಟನೆಗಳ ಜೋಡಣೆ, ನಿರೂಪಕನ ದನಿ, ಹೆಸರಿಲ್ಲದ ಮುಖಗಳು. ದ್ವಿತೀಯಾರ್ಧ ಒಂದೇ ಗಾಡಿಯ ಬೆನ್ನು ಹತ್ತಿ ಓಡುವ ಕಥೆ. ಎರಡೂ ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲವೆಂದು ದೂರಿದ ವಿಮರ್ಶಕರಿದ್ದಾರೆ. ನನಗೆ ಮೊದಲರ್ಧವೇ ಮೇಲೆಂದು ತೋರುತ್ತದೆ. ನೆನಪಿನಲ್ಲಿ ಉಳಿಯುವುದು ದ್ವಿತೀಯಾರ್ಧವಾದರೂ.

ಬಹುಪಾಲು ಚಿತ್ರೀಕರಣ ಬ್ರಿಟನಿಯ ಉತ್ತರ ಭಾಗದಲ್ಲಿ, ಲಾನಿಯೋಂ ಸುತ್ತಮುತ್ತ ನಡೆಯಿತು. ದೇಶದಲ್ಲಿ ಫಿಲಂ ಸುರುಳಿಗೂ ಕೊರತೆ, ವಿದ್ಯುತ್ತಿಗೂ ಕೊರತೆ. ಸ್ಟುಡಿಯೋದಲ್ಲಿ ನಿಲ್ದಾಣ ಕಟ್ಟುವ ಪ್ರಶ್ನೆಯೇ ಇರಲಿಲ್ಲ. ಯುದ್ಧದಲ್ಲಿ ಜಖಂಗೊಂಡ ನಿಲ್ದಾಣಗಳೇ ಸೆಟ್ ಆದವು. ಅಲೆಕಾಂ ಮುಂದೆ ಕೊಕ್ತೋನ ‘ಲಾ ಬೆಲ್ ಎ ಲಾ ಬೇತ್’ (1946) ಚಿತ್ರದಲ್ಲಿ ಮಾಯಾಲೋಕದ ಬೆಳಕನ್ನು ಸೃಷ್ಟಿಸಿದವನು, 1987ರ ‘ವಿಂಗ್ಸ್ ಆಫ್ ಡಿಸೈರ್’ವರೆಗೂ ದುಡಿದವನು. ಅದೇ ಕೈ ಇಲ್ಲಿ ಮೋಡ ಕವಿದ ಬೆಳಗಿನ ಬೂದು ಬೆಳಕನ್ನು ಇದ್ದಂತೆಯೇ ಬಿಟ್ಟಿದೆ. ಸಂಭಾಷಣೆ ಬರೆದ ಕೋಲೆತ್ ಓದ್ರಿ ಉಪಾಧ್ಯಾಯಿನಿ, ಲೇಖಕಿ, ಗ್ರೆನೋಬಲ್ ಪ್ರದೇಶದ ಪ್ರತಿರೋಧದಲ್ಲಿ ಭಾಗಿಯಾಗಿದ್ದವಳು. ಅವಳು ಪಾತ್ರಗಳಿಗೆ ಭಾಷಣ ಕೊಟ್ಟಿಲ್ಲ. ರೈಲ್ವೆಯವರು ಕೆಲಸದ ನಡುವೆ ಆಡುವ ಚುಟುಕು ಮಾತು, ಅಷ್ಟೇ. ಜರ್ಮನ್ನರು ಜರ್ಮನ್ ಭಾಷೆಯಲ್ಲೇ ಮಾತಾಡುತ್ತಾರೆ.

ಚಿತ್ರದ ಹರಿವು

ಚಿತ್ರ ಗಡಿರೇಖೆಯ ಮೇಲಿನ ಶಾಲೋಂ-ಸ್ಯುರ್-ಸೋನ್ ನಿಲ್ದಾಣದಿಂದ ಮೊದಲಾಗುತ್ತದೆ. ತಪಾಸಣೆ, ಜರ್ಮನ್ ಸಿಪಾಯಿಗಳ ಬೂಟಿನ ಸದ್ದು, ಕದ್ದು ದಾಟುವ ಜನ, ಕದ್ದು ದಾಟುವ ಪತ್ರ. ನಿಧಾನವಾಗಿ ಕಣ್ಣು ಯಾರ್ಡಿನ ಕಡೆಗೆ, ಕಂಟ್ರೋಲ್ ಕಚೇರಿಯ ಟೆಲಿಫೋನುಗಳ ಕಡೆಗೆ, ಲೋಕೋ ಶೆಡ್ಡಿನ ಕಡೆಗೆ ಹೊರಳುತ್ತದೆ. ಹೋರಾಟದ ಮುಖ್ಯಸ್ಥರಿಗೆ ‘ಕಾಮಾರ್ಗ್’, ‘ಆತೋಸ್’ ಎಂಬ ಗುಪ್ತನಾಮಗಳಿವೆ. ಉಳಿದವರಿಗೆ ಅಷ್ಟೂ ಇಲ್ಲ.

ಒತ್ತೆಯಾಳುಗಳ ದೃಶ್ಯ ಚಿತ್ರದ ಹೃದಯ. ಯಾರ್ಡಿನಲ್ಲಿ ನಡೆದ ವಿಧ್ವಂಸಕ್ಕೆ ಪ್ರತೀಕಾರವಾಗಿ ಜರ್ಮನ್ನರು ಕೆಲವು ಕಾರ್ಮಿಕರನ್ನು ಆರಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಒಬ್ಬೊಬ್ಬರನ್ನಾಗಿ ಗುಂಡಿಕ್ಕುತ್ತ ಬರುತ್ತಾರೆ. ಕ್ಯಾಮೆರಾ ಸರದಿ ಕಾಯುತ್ತಿರುವವನ ಹತ್ತಿರ ಹೋಗುತ್ತದೆ. ಅವನ ಕಣ್ಣೆದುರಿಗೆ ಗೋಡೆಯ ಗಾರೆ, ಅದರ ಮೇಲೆ ಒಂದು ಜೇಡ. ಜೇಡ ತನ್ನ ಪಾಡಿಗೆ ತಾನು ಹರಿಯುತ್ತಿದೆ. ಪಕ್ಕದವನ ಕೈ ಇವನ ಕೈಯನ್ನು ಹಿಡಿಯುತ್ತದೆ. ಗುಂಡಿನ ಸದ್ದಾದ ಮೇಲೆ ಆ ಹಿಡಿತ ಸಡಿಲವಾಗುತ್ತದೆ. ಅಷ್ಟರಲ್ಲಿ ಯಾರ್ಡಿನಲ್ಲಿ ನಿಂತಿದ್ದ ಎಂಜಿನ್ನುಗಳು ಕೂಗಲು ಶುರು ಮಾಡುತ್ತವೆ. ಒಂದು, ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ. ಡ್ರೈವರುಗಳು ಹಗ್ಗ ಜಗ್ಗಿ ಹಿಡಿದಿದ್ದಾರೆ, ಬಿಡುವುದಿಲ್ಲ.

ಕನ್ನಡದಲ್ಲಿ ರೈಲು ಸಿಳ್ಳೆ ಹಾಕುತ್ತದೆ ಎನ್ನುವುದಕ್ಕಿಂತ ಹೆಚ್ಚಾಗಿ ರೈಲು ಕೂಗುತ್ತದೆ ಎನ್ನುತ್ತೇವೆ. ಈ ದೃಶ್ಯಕ್ಕೆ ನಮ್ಮ ಮಾತೇ ಸರಿಯಾಗಿ ಹೊಂದುತ್ತದೆ. ಎಂಜಿನ್ ಕೂಗಿದ್ದಕ್ಕೆ ಯಾರನ್ನು ಹಿಡಿಯುವುದು? ಕೂಗು ಎಲ್ಲರದು. ಸಾಯುವವನ ಕಿವಿಗೆ ಬೀಳುವ ಕಡೆಯ ಸದ್ದು ಬಂದೂಕಿನದಾಗದೆ ತನ್ನ ಕಸುಬಿನದಾಗಲಿ ಎಂದು ಸಹೋದ್ಯೋಗಿಗಳು ಕೊಡಬಹುದಾಗಿದ್ದ ಒಂದೇ ಉಡುಗೊರೆ ಅದು. ಹಿನ್ನೆಲೆ ಸಂಗೀತಕ್ಕೆ ಇಲ್ಲಿ ಕೆಲಸವಿಲ್ಲ. ಮೆಸಿಯಾನ್ ಮೊದಲಾದವರ ಜೊತೆ 1936ರಲ್ಲಿ ‘ಲಾ ಜನ್ ಫ್ರಾನ್ಸ್’ ಬಳಗ ಕಟ್ಟಿದ ಬೋದ್ರಿಯೆ ದೊಡ್ಡ ಸಂಗೀತಗಾರ. ಆದರೂ ಈ ಚಿತ್ರದ ನಿಜವಾದ ಸಂಗೀತ ಉಗಿಯದು, ಕಬ್ಬಿಣದ್ದು.

ದ್ವಿತೀಯಾರ್ಧದ ಕಾಲ 1944ರ ಬೇಸಿಗೆ. ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದಿವೆ. ಟ್ಯಾಂಕು, ಫಿರಂಗಿ, ಸಿಪಾಯಿಗಳನ್ನು ಹೊತ್ತ ‘ಆಪ್ಫೆಲ್‌ಕೆರ್ನ್’ (ಸೇಬಿನ ಬೀಜ) ಎಂಬ ಸಂಕೇತನಾಮದ ಜರ್ಮನ್ ರೈಲುಸಾಲು ರಣಭೂಮಿಯ ಕಡೆ ಹೊರಟಿದೆ. ಅದನ್ನು ತಡೆಯಬೇಕು, ತಡೆಯಲಾಗದಿದ್ದರೆ ತಡ ಮಾಡಿಸಬೇಕು. ಒಂದು ಕಡೆ ಹಳಿ ಕೆಡುತ್ತದೆ, ಜರ್ಮನ್ನರು ಸರಿಪಡಿಸುತ್ತಾರೆ. ಕ್ರೇನು ತರಿಸುತ್ತಾರೆ, ಕ್ರೇನಿಗೂ ಗತಿ ಕಾಣುತ್ತದೆ. ಕಾಡಿನಲ್ಲಿದ್ದ ಗೆರಿಲ್ಲಾಗಳು ಸಾಲಿನ ಮೇಲೆ ಬೀಳುತ್ತಾರೆ. ಉಕ್ಕಿನ ಕವಚದ ರೈಲೆದುರು ಅವರ ಹಗುರ ಬಂದೂಕು ನಡೆಯುವುದಿಲ್ಲ. ಅಲ್ಲಿ ಸಾಯುವವರನ್ನು ಕ್ಲೆಮಾಂ ಗೆದ್ದವರಂತೆ ತೋರಿಸಿಲ್ಲ. ಬಯಲಿನಲ್ಲಿ ಬಿದ್ದ ಹೆಣಗಳಾಗಿಯೇ ತೋರಿಸಿದ್ದಾನೆ.

ಕಡೆಗೆ ಗಾಡಿ ಏರಿಯ ಮೇಲಿಂದ ಉರುಳುತ್ತದೆ. ಇದು ಮಾದರಿ ಗೊಂಬೆರೈಲಲ್ಲ. ನಿಜವಾದ ಎಂಜಿನ್ನು, ನಿಜವಾದ ಬೋಗಿಗಳನ್ನು ನಿಜವಾದ ಹಳಿಯ ಮೇಲಿಂದ ಕೆಡವಲಾಯಿತು. ಇಂಥದ್ದನ್ನು ಎರಡನೆಯ ಸಲ ತೆಗೆಯಲು ಬರುವುದಿಲ್ಲ. ಎಂಜಿನ್ನು ಮಗ್ಗುಲಾಗುತ್ತದೆ, ಹಿಂದಿನ ಬೋಗಿಗಳು ಒಂದರ ಮೇಲೊಂದು ಏರಿ ಬೀಳುತ್ತವೆ, ಹೊರೆ ಇಳಿಜಾರಿನಲ್ಲಿ ಚೆಲ್ಲುತ್ತದೆ. ಎಲ್ಲ ನಿಂತು ಧೂಳು ಇಳಿಯುವಾಗ ಒಂದು ಅಕಾರ್ಡಿಯನ್ ಉರುಳಿಕೊಂಡು ಬರುತ್ತದೆ. ಯಾವನೋ ಜರ್ಮನ್ ಸಿಪಾಯಿಯದು. ಉರುಳುವಾಗ ಅದರ ತಿದಿ ತೆರೆದು ಮುಚ್ಚಿ ಒಂದೆರಡು ಸ್ವರ ಹೊರಡುತ್ತವೆ, ಕೆಳಗೆ ಬಂದು ನಿಂತಾಗ ಉಳಿದ ಗಾಳಿಯೂ ಹೋಗುತ್ತದೆ. ಯುದ್ಧ ಮುಗಿದು ವರ್ಷವಾಗದ ಕಾಲದಲ್ಲಿ, ಶತ್ರುವಿನ ಸಾವಿಗೆ ಚಪ್ಪಾಳೆ ತಟ್ಟಲು ಸಿದ್ಧವಾಗಿದ್ದ ಜನರ ಮುಂದೆ ಆ ಅಕಾರ್ಡಿಯನ್ನನ್ನು ಇಟ್ಟದ್ದಕ್ಕೆ ಎದೆಗಾರಿಕೆ ಬೇಕಿತ್ತು. ಸತ್ತವನೂ ಸಂಜೆ ಹೊತ್ತು ಹಾಡು ಬಾರಿಸುತ್ತಿದ್ದ ಎಂದು ಒಂದು ಮಾತೂ ಆಡದೆ ಕ್ಲೆಮಾಂ ಹೇಳಿದ್ದಾನೆ.

ಬಿಡುಗಡೆಯಾದ ನಾಡಿನಲ್ಲಿ ಹೊರಡುವ ಮೊದಲ ರೈಲಿನೊಂದಿಗೆ ಚಿತ್ರ ಮುಗಿಯುತ್ತದೆ. ಕಡೆಯ ಬೋಗಿಯ ಮೇಲೆ ರೈಲು ಕಾರ್ಮಿಕರಿಗೂ ಪ್ರತಿರೋಧಕ್ಕೂ ಜಯಕಾರದ ಬರೆಹ.

ಸ್ವಾಗತ

ಜನ ಮುಗಿಬಿದ್ದು ನೋಡಿದರು. ಫ್ರಾನ್ಸಿನಲ್ಲಿ 50 ಲಕ್ಷಕ್ಕೂ ಹೆಚ್ಚು ಟಿಕೆಟ್ಟುಗಳು ಮಾರಾಟವಾದವು. 1946ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ನಡೆದ ಮೊದಲ ಕಾನ್ ಉತ್ಸವದಲ್ಲಿ ಚಿತ್ರಕ್ಕೆ ಅಂತರರಾಷ್ಟ್ರೀಯ ತೀರ್ಪುಗಾರರ ಪ್ರಶಸ್ತಿಯೂ ಕ್ಲೆಮಾಂಗೆ ನಿರ್ದೇಶನದ ಪ್ರಶಸ್ತಿಯೂ ಬಂದವು. ಇಟಲಿಯ ರೊಸ್ಸೆಲ್ಲಿನಿಯ ‘ರೋಮ್, ಓಪನ್ ಸಿಟಿ’ ಅದೇ ಉತ್ಸವದಲ್ಲಿತ್ತು. ಎರಡು ಸೋದರ ದೇಶಗಳಲ್ಲಿ ಒಬ್ಬರನ್ನೊಬ್ಬರು ಕೇಳದೆ ಇಬ್ಬರು ನಿರ್ದೇಶಕರು ಬೀದಿಗಿಳಿದಿದ್ದರು. ಇಟಲಿಯಲ್ಲಿ ಅದು ನವವಾಸ್ತವವಾದವೆಂಬ ದೊಡ್ಡ ಚಳವಳಿಯಾಗಿ ಹಬ್ಬಿತು. ಫ್ರಾನ್ಸಿನಲ್ಲಿ ಹಾಗಾಗಲಿಲ್ಲ, ಸಿನಿಮಾ ಬೇಗನೆ ಸ್ಟುಡಿಯೋಗೆ, ಸಾಹಿತ್ಯಕೃತಿಗಳ ರೂಪಾಂತರಕ್ಕೆ ಮರಳಿತು. ಕ್ಲೆಮಾಂ ಕೂಡ ಬೇರೆ ದಾರಿ ಹಿಡಿದ. 1952ರ ‘ಜ ಆಂತರ್ದಿ’ಯಲ್ಲಿ ಯುದ್ಧದಲ್ಲಿ ಅನಾಥಳಾದ ಪುಟ್ಟ ಹುಡುಗಿಯ ಕಥೆ ಹೇಳಿ ವೆನಿಸ್ಸಿನ ಸ್ವರ್ಣಸಿಂಹವನ್ನೂ ಆಸ್ಕರನ್ನೂ ಗೆದ್ದ.

ಚೌಕಟ್ಟಿನಾಚೆ

ಈ ಚಿತ್ರದ ಬಗ್ಗೆ ಬರೆಯುವವರು ಅದು ತೋರಿಸದೆ ಬಿಟ್ಟದ್ದನ್ನೂ ಬರೆಯಬೇಕಾಗುತ್ತದೆ. ಇದನ್ನು ದೋಷಾರೋಪವಾಗಿ ಹೇಳುತ್ತಿಲ್ಲ. ಮಡಿದ ಕಾರ್ಮಿಕರ ಮೇಲಿನ ಗೌರವ ಇದರಿಂದ ಕಡಿಮೆಯಾಗುವುದೂ ಇಲ್ಲ. ದಮನಕ್ಕೆ ಬಲಿಯಾದ ರೈಲ್ವೆಯವರ ಸ್ಮಾರಕಗ್ರಂಥವೊಂದು 2017ರಲ್ಲಿ ಹೊರಬಂತು. ಗುಂಡಿಗೆ, ನೇಣಿಗೆ, ಗಡೀಪಾರಿನ ಶಿಬಿರಗಳಲ್ಲಿ ಸತ್ತ 2,672 ಮಂದಿಯ ಬದುಕನ್ನು ಅದು ದಾಖಲಿಸಿದೆ.

ಅದೇ ಹಳಿಗಳ ಮೇಲೆ, ಅದೇ ಸಂಸ್ಥೆಯ ಬೋಗಿಗಳಲ್ಲಿ, 1942ರ ಮಾರ್ಚಿನಿಂದ 1944ರ ಆಗಸ್ಟಿನವರೆಗೆ ಸುಮಾರು 76,000 ಯೆಹೂದ್ಯರನ್ನು ಫ್ರಾನ್ಸಿನಿಂದ ಸಾಗಿಸಲಾಯಿತು. ಹೆಚ್ಚಿನವರು ಪ್ಯಾರಿಸ್ ಪಕ್ಕದ ದ್ರಾನ್ಸಿ ಶಿಬಿರದಿಂದ ಆಶ್ವಿಟ್ಸಿಗೆ ಹೋದರು. ಹತ್ತರಲ್ಲಿ ಒಬ್ಬರೂ ಮರಳಲಿಲ್ಲ. ಗಡಿಯವರೆಗೆ ಎಂಜಿನ್ ನಡೆಸಿದವರು ಫ್ರೆಂಚ್ ಡ್ರೈವರುಗಳು. ‘ಹಳಿಗಳ ಕದನ’ದಲ್ಲಿ ಈ ಗಾಡಿಗಳು ಕಾಣುವುದಿಲ್ಲ. 1945ರ ಫ್ರಾನ್ಸಿಗೆ ಬೇಕಾಗಿದ್ದದ್ದು ಒಗ್ಗಟ್ಟಿನ ಕಥೆ. ಚಿತ್ರ ತಯಾರಾದ ಬಗೆಯನ್ನು ಕಾಗದಪತ್ರಗಳಿಂದ ಬಿಡಿಸಿ ನೋಡಿದ ಇತಿಹಾಸಕಾರ್ತಿ ಸಿಲ್ವಿ ಲಿಂದಪೇರ್, ಎಡಪಂಥದ ಸಿನಿಮಾದವರ ನೋಟವೂ ರೈಲ್ವೆ ಆಡಳಿತದ ನೋಟವೂ ಇಲ್ಲಿ ಹೇಗೆ ಎದುರುಬದುರಾಗಿ ಕೊನೆಗೆ ಹೊಂದಿಕೊಂಡವೆಂದು ತೋರಿಸಿದ್ದಾಳೆ. ಗ್ಯಾಂಗ್‌ಮನ್‌ನಿಂದ ಮೇಲಧಿಕಾರಿಯವರೆಗೆ ಎಲ್ಲರೂ ಒಂದೇ ಮನಸ್ಸಿನಿಂದ ಹೋರಾಡಿದರೆಂಬ ಚಿತ್ರ ಹಾಗೆ ಮೂಡಿತು. ಆಡಳಿತ ಆಗ ಏನು ಮಾಡಿತು, ಏನು ಮಾಡಬಹುದಿತ್ತು ಎಂಬ ಪ್ರಶ್ನೆ ನ್ಯಾಯಾಲಯಗಳಿಗೂ ಸಂಸತ್ತುಗಳಿಗೂ ಬಂದದ್ದು ಅರ್ಧ ಶತಮಾನದ ನಂತರ. 2011ರ ಜನವರಿಯಲ್ಲಿ ಸಂಸ್ಥೆಯ ಅಧ್ಯಕ್ಷ ಗಿಯೋಂ ಪೆಪಿ, ಗಡೀಪಾರಿನ ರೈಲುಗಳು ಹೊರಟಿದ್ದ ಬೊಬಿನ್ಯಿಯಲ್ಲಿ ನಿಂತು ಸಂಸ್ಥೆಯ ಪರವಾಗಿ ದುಃಖವನ್ನೂ ವಿಷಾದವನ್ನೂ ಬಹಿರಂಗವಾಗಿ ಹೇಳಿದ. 2014ರಲ್ಲಿ ಫ್ರಾನ್ಸ್ ಸರ್ಕಾರ ಅಮೆರಿಕದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಪರಿಹಾರಕ್ಕಾಗಿ 6 ಕೋಟಿ ಡಾಲರ್ ನಿಗದಿಯಾಯಿತು.

ಎಂಜಿನ್ ನಡೆಸೆನು ಎಂದ ಡ್ರೈವರನೊಬ್ಬನ ಹೆಸರು ಚರಿತ್ರೆಯಲ್ಲಿದೆ. 1942ರ ಅಕ್ಟೋಬರ್ 31ರಂದು ಮೊಂತೋಬಾಂನಲ್ಲಿ ಲೆಯೋಂ ಬ್ರೋನ್ಶಾರ್, ತನ್ನ ಗಾಡಿಯಲ್ಲಿರುವುದು ರಾಜಕೀಯ ಕೈದಿಗಳೆಂದು ತಿಳಿದು ಅದನ್ನು ನಡೆಸಲು ನಿರಾಕರಿಸಿದ. ಮುಂದೆ ಪ್ರತಿರೋಧದ ಕೆಲಸಕ್ಕಾಗಿ ಸಿಕ್ಕಿಬಿದ್ದು ಬೂಖನ್‌ವಾಲ್ಡ್ ಶಿಬಿರ ಕಂಡು, ಬದುಕಿ ಬಂದ. ತನ್ನ ಮನೆಯಿದ್ದ ಕಟ್ಟಡದಲ್ಲಿ ಯೆಹೂದ್ಯ ಕುಟುಂಬವೊಂದನ್ನು ಕಾಪಾಡಿದ್ದಕ್ಕಾಗಿ ಇಸ್ರೇಲಿನ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಅವನನ್ನು ಗೌರವಿಸಿದೆ. ಹಗ್ಗ ಜಗ್ಗಿ ಎಂಜಿನ್ ಕೂಗಿಸಿದವರ ಸಾಲಿನಲ್ಲಿ ಇವನೂ ನಿಲ್ಲಬೇಕು. ಚಿತ್ರದಲ್ಲಿ ಇವನಿಗೆ ಜಾಗ ಸಿಗಲಿಲ್ಲ.

ನಂತರದ ಚಿತ್ರಗಳು

1964ರಲ್ಲಿ ಅಮೆರಿಕದ ಜಾನ್ ಫ್ರಾಂಕನ್‌ಹೈಮರ್ ‘ದ ಟ್ರೇನ್’ ಚಿತ್ರದಲ್ಲಿ ಇದೇ ವಸ್ತುವನ್ನು ಕೈಗೆತ್ತಿಕೊಂಡ. ಪ್ಯಾರಿಸಿನಿಂದ ಚಿತ್ರಕಲೆಯನ್ನು ಹೊತ್ತೊಯ್ಯುವ ಜರ್ಮನ್ ರೈಲನ್ನು ತಡೆಯುವ ಕಥೆ. ಆಧಾರ, ಆ ಕಲಾಕೃತಿಗಳ ಲೆಕ್ಕವನ್ನು ಗುಟ್ಟಾಗಿ ಇಟ್ಟುಕೊಂಡಿದ್ದ ರೋಜ್ ವಲ್ಲಾಂ ಬರೆದ ಪುಸ್ತಕ. ಅಲ್ಲೂ ನಿಜವಾದ ಎಂಜಿನ್ನುಗಳನ್ನೇ ಡಿಕ್ಕಿ ಹೊಡೆಸಿದರು. ಆದರೆ ಅದು ಬರ್ಟ್ ಲಂಕಾಸ್ಟರ್ ಎಂಬ ಒಬ್ಬ ನಾಯಕನ ಚಿತ್ರ.

ಕ್ಲೆಮಾಂ ಸ್ವತಃ ಇಪ್ಪತ್ತು ವರ್ಷದ ನಂತರ, 1966ರ ‘ಪಾರೀ ಬ್ರ್ಯುಲ್-ತೀಲ್?’ (ಪ್ಯಾರಿಸ್ ಉರಿಯುತ್ತಿದೆಯೇ?) ಚಿತ್ರದಲ್ಲಿ ಮತ್ತೆ ಈ ಕಾಲಕ್ಕೆ ಬಂದ. ದೊಡ್ಡ ಬಂಡವಾಳ, ದೊಡ್ಡ ತಾರೆಯರು, ಹತ್ತಾರು ಕಥೆಗಳು. ಅದರಲ್ಲಿ ಒಂದು ನಿಲ್ದಾಣದ ದೃಶ್ಯವಿದೆ. 1944ರ ಆಗಸ್ಟ್ 15, ಪ್ಯಾರಿಸ್ ಅಂಚಿನ ಪಾಂತಾಂ. ಸೆರೆಮನೆಗಳಿಂದ ತಂದ ಪ್ರತಿರೋಧದ ಕೈದಿಗಳನ್ನು ದನದ ಬೋಗಿಗಳಿಗೆ ತುಂಬುತ್ತಿದ್ದಾರೆ. ಆರ್ಸನ್ ವೆಲ್ಸ್ ನಟಿಸಿದ ಸ್ವೀಡನ್ನಿನ ಕಾನ್ಸಲ್ ಜನರಲ್ ನೋರ್ಡ್ಲಿಂಗ್ ಅವರಲ್ಲೊಬ್ಬನನ್ನಾದರೂ ಬಿಡಿಸಲು ಓಡಾಡುತ್ತಾನೆ. ಲೆಸ್ಲಿ ಕ್ಯಾರೋನ್ ನಟಿಸಿದ ಹೆಂಡತಿ ಬೋಗಿಯಿಂದ ಬೋಗಿಗೆ ಗಂಡನನ್ನು ಹುಡುಕುತ್ತಾಳೆ. ಸಿಕ್ಕ ಗಂಡ ಅವಳ ಕಣ್ಣೆದುರೇ ಗುಂಡಿಗೆ ಬೀಳುತ್ತಾನೆ. ಮುಷ್ಕರ ಆರಂಭವಾಗಿ ಐದು ದಿನವಾಗಿತ್ತು, ಹಳಿ ಅಲ್ಲಲ್ಲಿ ಕಡಿದಿತ್ತು. ಆದರೂ ಆ ದಿನದ ರೈಲು ಸುಮಾರು 2,200 ಜನರನ್ನು ಹೊತ್ತು ಪಾಂತಾಂನಿಂದ ಹೊರಟಿತು. ಗಂಡಸರು ಬೂಖನ್‌ವಾಲ್ಡಿಗೆ, ಹೆಂಗಸರು ರಾವೆನ್ಸ್‌ಬ್ರುಕ್ಕಿಗೆ.